ಬೆಕ್ಕಿನ ಹೊಟ್ಟೆ ಕಟ್ಟಿದಾಗ

ಹಸು ಒಂದು ಹೊತ್ತು ಮೆಲುಕು ಹಾಕದಿದ್ದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಸಗಣಿ ಗಟ್ಟಿಯಾಯಿತೇ, ನೀರಾಯಿತೇ ಎಂಬುದನ್ನು ಕೊಟ್ಟಿಗೆ ಬಳಿಯುವ ಕೈ ಬೆಳಗಾಗುತ್ತಲೇ ಹೇಳಿಬಿಡುತ್ತದೆ. ಬೆಕ್ಕಿನ ವಿಷಯ ಹಾಗಲ್ಲ. ಮನೆಯ ಒಳಗೇ ಇದ್ದರೂ ಅದು ತನ್ನ ದೇಹದ ವ್ಯವಹಾರವನ್ನು ಯಾರಿಗೂ ತೋರಿಸುವುದಿಲ್ಲ. ಹಿತ್ತಲಿಗೆ ಹೋಗಿ, ಮಣ್ಣು ಕೆದರಿ, ಕೆಲಸ ಮುಗಿಸಿ, ಮತ್ತೆ ಮಣ್ಣು ಮುಚ್ಚಿ, ಏನೂ ನಡೆದಿಲ್ಲವೆಂಬಂತೆ ಬಂದು ಒಲೆಯ ಕಟ್ಟೆಯ ಮೇಲೆ ಕೂರುತ್ತದೆ. ಈ ಶುಚಿತ್ವವನ್ನು ಎಲ್ಲರೂ ಹೊಗಳುತ್ತಾರೆ. ಬೆಕ್ಕಿಗೆ ಮಲಬದ್ಧತೆಯಾದರೆ ನಾಲ್ಕೈದು ದಿನ ಯಾರಿಗೂ ತಿಳಿಯದೇ ಹೋಗುವುದಕ್ಕೂ ಇದೇ ಶುಚಿತ್ವವೇ ಕಾರಣ.

ಹೊನ್ನಾಳಿ–ನ್ಯಾಮತಿ ಸೀಮೆಯ ಗೋವಿನಕೋವಿಯ ಹೆಸರಿನಲ್ಲೇ ಗೋವು ಇದೆ. ಇಲ್ಲಿ ಎಮ್ಮೆ ದನಗಳಿಗೆ ಕಾಯಿಲೆಯಾದರೆ ಯಾರನ್ನು ಕರೆಯಬೇಕು ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೆಕ್ಕಿಗೆ ಡಾಕ್ಟರು ಎಂಬ ಮಾತು ಮಾತ್ರ ಇನ್ನೂ ಸ್ವಲ್ಪ ನಗೆ ತರಿಸುವಂಥದ್ದು. ಇಲಿ ಹಿಡಿಯಲೆಂದು ಬೆಕ್ಕು. ಬದುಕಿದರೆ ಬದುಕಿತು, ಹೋದರೆ ಇನ್ನೊಂದು ಮರಿ ಎಲ್ಲಾದರೂ ಸಿಕ್ಕೀತು ಎಂಬುದು ಹಳೆಯ ಲೆಕ್ಕ. ಆ ಲೆಕ್ಕವನ್ನು ತಪ್ಪೆನ್ನುವುದಕ್ಕಿಂತ, ಅದು ಒಂದು ಮನೆಯಲ್ಲಿ ಹೇಗೆ ನಿಧಾನವಾಗಿ ಬದಲಾಯಿತು ಎಂದು ನೋಡುವುದು ಹೆಚ್ಚು ಉಪಯುಕ್ತ.

ಆ ಮನೆಯ ಗಂಡು ಬೆಕ್ಕಿನ ಹೆಸರು ಕೆಂಚ. ವಯಸ್ಸು ಏಳು ದಾಟಿತ್ತು. ಭತ್ತದ ಚೀಲಗಳ ನಡುವೆ ಬೆಳೆದು, ಇಲಿ ಹಿಡಿಯುವುದರಲ್ಲಿ ಕೇರಿಗೇ ಹೆಸರು ಮಾಡಿದ್ದ ಕೆಂಚ ಒಂದು ಬೇಸಿಗೆಯಲ್ಲಿ ಊಟ ಬಿಟ್ಟು ಮೂಲೆ ಸೇರಿತು. ಆಗಾಗ ಎದ್ದು ಹಿತ್ತಲಿಗೆ ಹೋಗಿ, ಬೆನ್ನು ಬಿಲ್ಲಿನಂತೆ ಬಗ್ಗಿಸಿ ತಿಣುಕಿ, ಒಂದು ಸಲ ಕೂಗಿ, ಬರಿದೇ ವಾಪಸು ಬರುತ್ತಿತ್ತು. ಕೊನೆಗೆ ಹಳದಿ ನೊರೆಯನ್ನೂ ಕಾರಿತು.

"ಹೊಟ್ಟೆ ಕಟ್ಟೈತಿ ಅದಕ್ಕೆ. ಒಂದು ಚಮಚ ಹರಳೆಣ್ಣೆ ಬಾಯಿಗೆ ಬಿಟ್ರೆ ಸರಿ ಹೋಗ್ತತಿ" ಎಂದರು ಅಜ್ಜಿ. ಆ ಮನೆಯ ಮೂರು ತಲೆಮಾರಿನ ಮಕ್ಕಳೆಲ್ಲ ತಿಂಗಳಿಗೊಮ್ಮೆ ಮೂಗು ಹಿಡಿದುಕೊಂಡು ಕುಡಿದ ಔಷಧಿ ಅದು. ಗೋಣಿ ತಾಟಿನಲ್ಲಿ ಕೆಂಚನನ್ನು ಸುತ್ತಿ ಎಣ್ಣೆ ಬಿಟ್ಟದ್ದಾಯಿತು. ಅರ್ಧ ಒಳಗೆ ಹೋಯಿತು, ಅರ್ಧ ಯಜಮಾನರ ಅಂಗಿಯ ಮೇಲೆ. ಅವರ ಮುಂಗೈ ಮೇಲೆ ಮೂರು ಗೀರು ಬೇರೆ. ಮರುದಿನ ಬೆಕ್ಕಿಗೆ ಹೇಗೋ ಬಯಲಾಯಿತು. ಕೀರ್ತಿಯೆಲ್ಲ ಹರಳೆಣ್ಣೆಗೆ ಸಂದಿತು. ಆದರೆ ಇಪ್ಪತ್ತು ದಿನಕ್ಕೆ ಮತ್ತೆ ಅದೇ ಕಥೆ. ಮತ್ತೆ ಒಂದು ತಿಂಗಳಿಗೆ ಮೂರನೆಯ ಸಲ.

ಇಲ್ಲಿ ಹರಳೆಣ್ಣೆ ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕು. ಆ ಎಣ್ಣೆ ಸಣ್ಣ ಕರುಳಿನಲ್ಲಿ ಒಡೆದು ರಿಸಿನೋಲಿಕ್ ಆಮ್ಲ ಬಿಡುಗಡೆಯಾಗುತ್ತದೆ. ಈ ಆಮ್ಲ ಕರುಳಿನ ಸ್ನಾಯುಗಳ ಮೇಲಿರುವ ಒಂದು ನಿರ್ದಿಷ್ಟ ಗ್ರಾಹಕವನ್ನು ತಟ್ಟಿ ಅವು ಬಿಗಿಯುವಂತೆ ಮಾಡುತ್ತದೆ ಎಂಬುದನ್ನು ಜರ್ಮನಿಯ ಸಂಶೋಧಕರು 2012ರಲ್ಲಿ ಇಲಿಗಳಲ್ಲಿ ತೋರಿಸಿದರು. ಅಂದರೆ ಎಣ್ಣೆಯ ಕೆಲಸ ಒಳಗಿನಿಂದ ಹಿಂಡುವುದು, ಜಾರಿಸುವುದಲ್ಲ. ಮುಂದೆ ದಾರಿ ತೆರವಾಗಿದ್ದರೆ ಹಿಂಡಿದ್ದು ಹೊರಗೆ ಬರುತ್ತದೆ. ದಾರಿಯಲ್ಲಿ ಒಣಗಿದ ಗಟ್ಟಿ ಮಲ ಕೂತಿದ್ದರೆ? ನೋವು ಹೆಚ್ಚುತ್ತದೆ, ವಾಂತಿಯಾಗುತ್ತದೆ. ಮೊದಲೇ ನೀರಿನ ಕೊರತೆಯಿಂದ ಕಷ್ಟಪಡುವ ದೇಹ ಇನ್ನಷ್ಟು ನೀರು ಕಳೆದುಕೊಳ್ಳುತ್ತದೆ. ಅಜ್ಜಿಯ ರೋಗನಿರ್ಣಯ ಸರಿಯಾಗಿಯೇ ಇತ್ತು. ಹೊಟ್ಟೆ ಏಕೆ ಕಟ್ಟಿತು ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಅಷ್ಟೇ.

ದೊಡ್ಡ ಕರುಳಿನ ಮುಖ್ಯ ಉದ್ಯೋಗವೇ ನೀರನ್ನು ಉಳಿತಾಯ ಮಾಡುವುದು. ಸಣ್ಣ ಕರುಳಿನಿಂದ ತೆಳ್ಳಗೆ ಬಂದ ಶೇಷವನ್ನು ಅದು ತನ್ನಲ್ಲಿ ಇರಿಸಿಕೊಂಡು ನೀರನ್ನು ಹೀರಿ ರಕ್ತಕ್ಕೆ ಮರಳಿಸುತ್ತದೆ. ಮಲ ಹೆಚ್ಚು ಹೊತ್ತು ನಿಂತಷ್ಟೂ ಹೆಚ್ಚು ನೀರು ಹೋಗುತ್ತದೆ. ನೀರು ಹೋದಷ್ಟೂ ಅದು ಗಟ್ಟಿಯಾಗುತ್ತದೆ. ಗಟ್ಟಿಯಾದಷ್ಟೂ ಹೊರಹಾಕುವುದು ನೋವಿನ ಕೆಲಸವಾಗುತ್ತದೆ. ನೋವಿಗೆ ಹೆದರಿದ ಪ್ರಾಣಿ ಮತ್ತೂ ತಡೆದುಕೊಳ್ಳುತ್ತದೆ. ಹೂಳು ತುಂಬಿದ ನಾಲೆಯಲ್ಲಿ ನೀರಿನ ಓಟ ತಗ್ಗಿ, ಓಟ ತಗ್ಗಿದ್ದರಿಂದಲೇ ಮತ್ತಷ್ಟು ಹೂಳು ಕೂರುವುದನ್ನು ಕೊನೆಭಾಗದ ರೈತರು ಬಲ್ಲರು. ಹೀಗೇ ತಿಂಗಳುಗಟ್ಟಲೆ ನಡೆದರೆ ಕರುಳು ಹಿಗ್ಗಿ ಹಿಗ್ಗಿ, ಕೊನೆಗೆ ಹಳೆಯ ಸೈಕಲ್ ಟ್ಯೂಬಿನಂತೆ ಬಿಗಿ ಕಳೆದುಕೊಳ್ಳುತ್ತದೆ. ವೈದ್ಯರು ಇದನ್ನು ಮೆಗಾಕೋಲನ್ ಎನ್ನುತ್ತಾರೆ. ಆ ಹಂತ ಮುಟ್ಟಿದ ಕರುಳು ಮತ್ತೆ ಮೊದಲಿನಂತಾಗುವುದು ಕಷ್ಟ. ಪದೇ ಪದೇ ಬರುವ ಮಲಬದ್ಧತೆಯನ್ನು ಹಗುರವಾಗಿ ಕಾಣಬಾರದೆಂದು ಹೇಳುವುದು ಈ ಕಾರಣಕ್ಕೇ.

ಈ ಕಷ್ಟ ಬೆಕ್ಕನ್ನೇ ಏಕೆ ಹೆಚ್ಚು ಕಾಡಬೇಕು? ಅದರ ಮೂಲದಲ್ಲಿ ಒಂದು ಉತ್ತರವಿದೆ. ಸಾಕು ಬೆಕ್ಕುಗಳ ಪೂರ್ವಜ ಆಫ್ರಿಕಾದ ಉತ್ತರಭಾಗ ಮತ್ತು ಪಶ್ಚಿಮ ಏಷ್ಯಾದ ಒಣಭೂಮಿಯ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತ ಸುಮಾರು 9,500 ವರ್ಷ ಹಿಂದಿನ ಬೆಕ್ಕೊಂದರ ಅಸ್ಥಿಪಂಜರ ಸಿಕ್ಕಿದ ಸುದ್ದಿ 2004ರಲ್ಲಿ ಪ್ರಕಟವಾಯಿತು. ಇಷ್ಟು ಕಾಲ ಮನುಷ್ಯನ ಜೊತೆಗಿದ್ದರೂ ಬೆಕ್ಕಿನ ಮೂತ್ರಪಿಂಡ ಮಾತ್ರ ಮರುಭೂಮಿಯ ಅಭ್ಯಾಸ ಬಿಟ್ಟಿಲ್ಲ. ಮನುಷ್ಯನ ಮೂತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗಾಢವಾದ ಮೂತ್ರವನ್ನು ಅದು ತಯಾರಿಸಬಲ್ಲದು. ಹಾಗಾಗಿ ಬೆಕ್ಕಿಗೆ ಬಾಯಾರಿಕೆ ಕಡಿಮೆ. ಅದು ನೀರನ್ನು ಕುಡಿಯುವುದಕ್ಕಿಂತ ತಿನ್ನುವ ಪ್ರಾಣಿ ಎಂದರೂ ನಡೆದೀತು. ಒಂದು ಇಲಿಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ನೀರೇ. ಹೊಟ್ಟೆ ತುಂಬ ಇಲಿ ತಿಂದ ಬೆಕ್ಕಿಗೆ ನೀರಿನ ತಟ್ಟೆಯ ಹಂಗಿಲ್ಲ.

ಕೆಂಚನ ವಿಷಯದಲ್ಲಿ ಲೆಕ್ಕ ಏರುಪೇರಾದದ್ದು ಇಲ್ಲಿ. ಹಿಂದಿನ ವರ್ಷದಿಂದ ಅದು ಇಲಿ ಹಿಡಿಯುವುದನ್ನು ಕಡಿಮೆ ಮಾಡಿತ್ತು. ಅದು ಮೀನು ಮಾಂಸ ಒಳಗೆ ಬಾರದ ಮನೆ. ಬೆಕ್ಕಿಗೆ ಸಿಗುತ್ತಿದ್ದುದು ಹಾಲು ಅನ್ನ. ಬೆಕ್ಕು ಬಡವಾಯಿತೆಂದು ಕನಿಕರಪಟ್ಟ ಮನೆಯ ಹುಡುಗಿ ಅಪ್ಪನಿಗೆ ಹೇಳಿ ಶಿವಮೊಗ್ಗದಿಂದ ಒಣ ಕಾಳಿನಂಥ ಬೆಕ್ಕಿನ ಆಹಾರದ ಪೊಟ್ಟಣ ತರಿಸಿದ್ದಳು. ಅದರಲ್ಲಿ ಪ್ರೋಟೀನು ಉಂಟು, ಬೆಕ್ಕಿಗೆ ಅವಶ್ಯವಾದ ಟಾರೀನ್ ಉಂಟು. ಈ ಟಾರೀನನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಅದರ ಕೊರತೆಯಿಂದ ಬೆಕ್ಕುಗಳ ಹೃದಯ ಸೋಲುತ್ತದೆ ಎಂಬುದು 1987ರಲ್ಲಿ ಖಚಿತವಾಯಿತು. ಬರೀ ಹಾಲು ಅನ್ನಕ್ಕೆ ಹೋಲಿಸಿದರೆ ಪೊಟ್ಟಣ ಎಷ್ಟೋ ವಾಸಿ. ಇಲ್ಲದ್ದು ನೀರೊಂದೇ. ಒಣ ಆಹಾರದಲ್ಲಿ ನೀರಿನ ಅಂಶ ನೂರಕ್ಕೆ ಹತ್ತರಷ್ಟು ಮಾತ್ರ. ನಾಲ್ಕು ಕೆ.ಜಿ. ತೂಕದ ಬೆಕ್ಕಿಗೆ ದಿನಕ್ಕೆ ಒಟ್ಟು ಸುಮಾರು 200 ಮಿ.ಲೀ. ನೀರು ಬೇಕು, ಅಂದರೆ ಸಾಧಾರಣ ಒಂದು ಲೋಟ. ಒಣ ಕಾಳು ತಿನ್ನುವ ಬೆಕ್ಕು ಅದರ ಬಹುಭಾಗವನ್ನು ಕುಡಿದೇ ಪಡೆಯಬೇಕು. ಅಷ್ಟು ಕುಡಿಯುವ ಸ್ವಭಾವ ಅದಕ್ಕಿಲ್ಲ. ಜೊತೆಗೆ ಮಾರ್ಚ್–ಏಪ್ರಿಲ್ ತಿಂಗಳ ಬಿಸಿಲು.

ಮೂರನೆಯ ಸಲ ಹೊಟ್ಟೆ ಕಟ್ಟಿದಾಗ ಹುಡುಗಿ ಹತ್ತನೇ ತರಗತಿ. ಪರೀಕ್ಷೆ ಹತ್ತಿರ ಬಂದಿತ್ತು. ವಿಜ್ಞಾನದ ಪಾಠದಲ್ಲಿ ವೀಕ್ಷಣೆ, ದಾಖಲೆ ಎಂದು ಓದುವ ಮಕ್ಕಳಲ್ಲಿ ಎಷ್ಟು ಜನ ಅದನ್ನು ಮನೆಯಲ್ಲಿ ಮಾಡಿಯಾರು? ಆಕೆ ಮಾಡಿದಳು. ಗಾರೆ ಕೆಲಸದ ಒಂದು ಹಳೆಯ ಬಾಂಡ್ಲಿಗೆ ಜರಡಿ ಹಿಡಿದ ಮರಳು ತುಂಬಿ ಹಿಂದಿನ ಪಡಸಾಲೆಯ ಮೂಲೆಯಲ್ಲಿಟ್ಟಳು. ರಾತ್ರಿ ಹೊತ್ತು ಹಿತ್ತಲ ಬಾಗಿಲು ಹಾಕಿದ ಮೇಲೆ ಬೆಕ್ಕಿಗೆ ಬಾಂಡ್ಲಿಯೇ ಗತಿ. ನಾಲ್ಕೇ ದಿನದಲ್ಲಿ ಅದು ಹಗಲೂ ಅಲ್ಲಿಗೇ ಬರತೊಡಗಿತು. ಹಳೆಯ ನೋಟ್‌ಪುಸ್ತಕದ ಹಿಂಬದಿಯಲ್ಲಿ ದಿನಾಂಕ, ತಿಂದದ್ದು, ಕುಡಿದದ್ದು, ಮೂತ್ರ ಎಷ್ಟು ಸಲ, ಮಲ ಹೇಗಿತ್ತು ಎಂದು ಬರೆದಿಡಲಾರಂಭಿಸಿದಳು. ಅಜ್ಜಿ ನಕ್ಕರು. "ಓದೋದು ಬಿಟ್ಟು ಬೆಕ್ಕಿನ ಹೇಲು ಬರೀತಾ ಕುಂತೀಯಲ್ಲೇ" ಎಂದು ಗದರಿದ ತಾಯಿಯೂ ಕೊನೆಗೆ ನಕ್ಕರು.

ಆ ಬಾಂಡ್ಲಿಯಿಂದ ಮೊದಲಿಗೆ ಆದ ಉಪಕಾರ ಬೇರೆಯದೇ. ಬೆಕ್ಕು ತಿಣುಕುತ್ತಿದೆ ಎಂದ ಮಾತ್ರಕ್ಕೆ ಅದು ಮಲಬದ್ಧತೆ ಎಂದು ಹೇಳುವಂತಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳಿನ ಪುಡಿ ಅಥವಾ ಲೋಳೆ ಸಿಕ್ಕಿಕೊಂಡು ಮೂತ್ರ ಕಟ್ಟಿದರೂ ಬೆಕ್ಕು ಹೀಗೆಯೇ ಬೆನ್ನು ಬಗ್ಗಿಸಿ ತಿಣುಕುತ್ತದೆ, ಹೀಗೆಯೇ ಕೂಗುತ್ತದೆ. ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಲ ಕಟ್ಟಿದ ಬೆಕ್ಕಿಗೆ ಒಂದೆರಡು ದಿನದ ಅವಕಾಶವಾದರೂ ಇರುತ್ತದೆ. ಮೂತ್ರ ಪೂರ್ತಿ ಕಟ್ಟಿದ ಗಂಡು ಬೆಕ್ಕು ಒಂದೆರಡು ದಿನದಲ್ಲೇ ಸಾಯಬಹುದು. ರಕ್ತದಲ್ಲಿ ಪೊಟಾಸಿಯಂ ಏರಿ ಹೃದಯ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಹರಳೆಣ್ಣೆ ಬಿಟ್ಟು ನಾಳೆ ನೋಡೋಣ ಎಂದು ಮಲಗಿದರೆ ನಾಳೆ ನೋಡಲು ಬೆಕ್ಕು ಇರುವುದಿಲ್ಲ. ಮರಳಿನಲ್ಲಿ ಒದ್ದೆ ಗಡ್ಡೆ ಕಂಡರೆ ಮೂತ್ರ ಹೋಗುತ್ತಿದೆ ಎಂದರ್ಥ. ಕೆಂಚನ ಬಾಂಡ್ಲಿಯಲ್ಲಿ ಒದ್ದೆ ಗಡ್ಡೆ ಇತ್ತು, ಮಲವಿರಲಿಲ್ಲ. ಈ ಪ್ರಬಂಧದಲ್ಲಿ ಮನೆಮಂದಿ ಒಂದೇ ಮಾತನ್ನು ನೆನಪಿಡುವುದಾದರೆ ಈ ಮಾತನ್ನು ನೆನಪಿಡಲಿ.

ಪುಸ್ತಕ ಎರಡು ವಾರ ನಡೆದಾಗ ಕೆಲವು ಸಂಗತಿಗಳು ತಾವಾಗಿಯೇ ಎದ್ದು ಬಂದವು. ಆರೋಗ್ಯವಂತ ಬೆಕ್ಕು ಸಾಮಾನ್ಯವಾಗಿ ದಿನಕ್ಕೊಮ್ಮೆ ಮಲ ವಿಸರ್ಜಿಸುತ್ತದೆ. ಕೆಂಚ ಮೂರು ನಾಲ್ಕು ದಿನಕ್ಕೊಮ್ಮೆ. ಬಂದದ್ದು ಆಡಿನ ಹಿಕ್ಕೆಯಂತೆ ಒಣ ಉಂಡೆ. ಕೆಲವೊಮ್ಮೆ ಒತ್ತಿ ಚಪ್ಪಟೆ ಮಾಡಿದಂತೆ ಪಟ್ಟಿಯಾಗಿ ಇರುತ್ತಿತ್ತು. ಈ "ಚಪ್ಪಟೆ" ಎಂಬ ಮಾತನ್ನು ಆಕೆ ಮೂರು ಕಡೆ ಬರೆದಿದ್ದಳು. ಅದರ ಅರ್ಥ ಮಾತ್ರ ಆಕೆಗೆ ತಿಳಿದಿರಲಿಲ್ಲ.

ದನದ ಡಾಕ್ಟರು ಆ ಪುಸ್ತಕವನ್ನು ನಗದೇ ಓದಿದರು. ಬೆಕ್ಕಿನ ಹೊಟ್ಟೆಯನ್ನು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿ, ಮಣಿಸರದಂತೆ ಸಾಲಾಗಿ ಸಿಗುವ ಗಟ್ಟಿ ಗಂಟುಗಳನ್ನು ಹುಡುಗಿಯ ಬೆರಳಿಗೂ ತೋರಿಸಿಕೊಟ್ಟರು. ಚರ್ಮದ ಕೆಳಗೆ ಸಲೈನ್ ಕೊಟ್ಟರು. "ಇದಕ್ಕೆ ಎಕ್ಸ್‌ರೇ ಆಗಬೇಕು. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ" ಎಂದರು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಹೊನ್ನಾಳಿ ಸೀಮೆ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ದೊಡ್ಡ ಆಸ್ಪತ್ರೆ ಎಂದರೆ ಈಗಲೂ ಈ ಕಡೆಯವರ ಬಾಯಲ್ಲಿ ಶಿವಮೊಗ್ಗವೇ ಮೊದಲು ಬರುತ್ತದೆ. ಪಶುವೈದ್ಯಕೀಯ ಕಾಲೇಜೂ ಅಲ್ಲಿದೆ.

"ಬೆಕ್ಕಿಗೂ ಎಕ್ಸ್‌ರೇ ತೆಗೀತಾರಾ ಸಾರ್?" ಎಂದು ಯಜಮಾನರು ಕೇಳಿದರಂತೆ. ತೆಗೆಯುತ್ತಾರೆ. ಹಾಗೆ ನೋಡಿದರೆ, ಎಕ್ಸ್‌ರೇ ಎಂಬುದು ಹುಟ್ಟಿದ ಮರುವರ್ಷದಿಂದಲೇ ಪ್ರಾಣಿಗಳ ಹೊಟ್ಟೆಯನ್ನು ಇಣುಕಿ ನೋಡಿದೆ. ರಾಂಟ್‌ಜೆನ್ ಈ ಕಿರಣಗಳನ್ನು ಕಂಡದ್ದು 1895ರ ನವೆಂಬರಿನಲ್ಲಿ. 1896ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಆಹಾರದೊಂದಿಗೆ ಬಿಸ್ಮತ್ ಲವಣ ಬೆರೆಸಿ ತಿನ್ನಿಸಿ, ಜಠರ ಹೇಗೆ ಚಲಿಸುತ್ತದೆಂದು ಎಕ್ಸ್‌ರೇ ಪರದೆಯ ಮೇಲೆ ನೋಡಲು ಹೊರಟ. ಆತ ಹೆಚ್ಚಾಗಿ ನೋಡಿದ್ದು ಬೆಕ್ಕುಗಳನ್ನೇ. ಜಠರದ ಮೇಲೆ ಅಲೆಯ ಹಿಂದೆ ಅಲೆ ಸಾಗುವುದು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಕೆಲವು ಬೆಕ್ಕುಗಳಲ್ಲಿ ಅಲೆಗಳೇ ಇಲ್ಲ. ಏಕೆಂದು ಹುಡುಕಿದಾಗ ತಿಳಿದದ್ದು, ಕಟ್ಟಿಹಾಕಿದ್ದಕ್ಕೆ ಬೆದರಿ ಒದ್ದಾಡುವ ಬೆಕ್ಕುಗಳಲ್ಲಿ ಜಠರದ ಚಲನೆ ನಿಂತೇ ಹೋಗುತ್ತದೆ. ಮೈದಡವಿ ಸಮಾಧಾನ ಮಾಡಿದರೆ ಮತ್ತೆ ಶುರುವಾಗುತ್ತದೆ. 1902ರಲ್ಲಿ ಕರುಳಿನ ಚಲನೆಯ ಬಗೆಗೂ ಆತ ಬರೆದ. ಭಯ, ಸಿಟ್ಟು ಬಂದಾಗ ದೇಹ ಹೋರಾಟಕ್ಕೋ ಓಟಕ್ಕೋ ಸಜ್ಜಾಗುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ ಎಂದು ಇಂದು ಪಠ್ಯಪುಸ್ತಕದಲ್ಲಿರುವ ವಿಚಾರದ ಬೇರು ಆ ಬೆಕ್ಕುಗಳ ಹೊಟ್ಟೆಯಲ್ಲಿದೆ. ಪರೀಕ್ಷೆಯ ಬೆಳಿಗ್ಗೆ ತಿಂಡಿ ಸೇರದ ಮಕ್ಕಳನ್ನು "ತಿನ್ನು ತಿನ್ನು" ಎಂದು ಪೀಡಿಸುವ ತಂದೆತಾಯಿಗಳು ಕ್ಯಾನನ್ನನ ಬೆಕ್ಕನ್ನು ಒಮ್ಮೆ ನೆನೆಯಬಹುದು.

ತರಕಾರಿ ಕ್ರೇಟಿನ ಮೇಲೆ ಇನ್ನೊಂದು ಕ್ರೇಟು ಬೋರಲು ಹಾಕಿ ಸುತಳಿಯಿಂದ ಬಿಗಿದು ಕೆಂಚನ ಪ್ರಯಾಣವಾಯಿತು. ಚಿತ್ರದಲ್ಲಿ ಕಂಡದ್ದು ಎರಡು. ಒಂದು, ಬೆನ್ನುಮೂಳೆಗೆ ಸಮಾನಾಂತರವಾಗಿ ಮಲ ತುಂಬಿ ಹಿಗ್ಗಿದ ದೊಡ್ಡ ಕರುಳು. ಇನ್ನೊಂದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಸೊಂಟದ ಮೂಳೆಯ ಉಂಗುರ ಒಂದು ಕಡೆ ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. "ಇದಕ್ಕೆ ಯಾವಾಗಲಾದರೂ ಪೆಟ್ಟಾಗಿತ್ತಾ?" ಎಂದು ವೈದ್ಯರು ಕೇಳಿದಾಗ ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಒಂದೂವರೆ ವರ್ಷದ ಹಿಂದೆ ರಸ್ತೆಯಲ್ಲಿ ಬೈಕೊಂದು ತಗುಲಿ, ಕೆಂಚ ಹಿಂಗಾಲು ಎಳೆದುಕೊಂಡು ಬಂದಿತ್ತು. ಅಟ್ಟದ ಮೂಲೆಯಲ್ಲಿ ತಿಂಗಳೊಪ್ಪತ್ತು ಬಿದ್ದಿದ್ದು ತಾನಾಗಿಯೇ ಎದ್ದು ಓಡಾಡಿತ್ತು. ವಾಸಿಯಾಯಿತು ಎಂದು ಎಲ್ಲರೂ ಮರೆತಿದ್ದರು.

ದೊಡ್ಡ ಕರುಳಿನ ತುದಿ ಹಾದುಹೋಗುವುದು ಆ ಮೂಳೆಯ ಉಂಗುರದ ನಡುವಿನಿಂದಲೇ. ಉಂಗುರ ಕಿರಿದಾದರೆ ದಾರಿಯೂ ಕಿರಿದು. ಅದಕ್ಕೇ ಚಪ್ಪಟೆ ಮಲ. ಇಲಿ ಬೇಟೆ ಕಡಿಮೆಯಾದದ್ದಕ್ಕೂ ಕಾರಣ ಅದೇ. ಹಿಂಗಾಲಿನಲ್ಲಿ ಚಿಮ್ಮುವ ಶಕ್ತಿ ಮೊದಲಿನಂತಿರಲಿಲ್ಲ. ಬೇಟೆ ನಿಂತದ್ದರಿಂದ ಹಸಿ ಆಹಾರ ನಿಂತಿತು, ಒಣ ಆಹಾರ ಬಂತು, ಬೇಸಿಗೆ ಬಂತು. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡ ಮೂರು ನಾಲ್ಕು ಸಂಗತಿಗಳು ಒಂದೇ ದಾರದಲ್ಲಿ ಪೋಣಿಸಿಕೊಂಡವು. ಮೂಳೆ ಮುರಿದ ಆರು ತಿಂಗಳೊಳಗೆ ಗೊತ್ತಾಗಿ ಶಸ್ತ್ರಚಿಕಿತ್ಸೆಯಿಂದ ದಾರಿ ಅಗಲ ಮಾಡಿದರೆ ಕರುಳು ಚೇತರಿಸಿಕೊಳ್ಳುವ ಸಂಭವ ಹೆಚ್ಚು, ಆಮೇಲೆ ಕಷ್ಟ. ಅಪಘಾತವಾದ ಬೆಕ್ಕು ತಾನಾಗಿ ನಡೆದಾಡಿದರೂ ಒಮ್ಮೆ ತೋರಿಸಬೇಕೆನ್ನುವುದು ಇದಕ್ಕೇ. ಎಲ್ಲ ಬೆಕ್ಕುಗಳಲ್ಲೂ ಕಾರಣ ಇದೇ ಆಗಿರುವುದಿಲ್ಲ. ಮುದಿ ಬೆಕ್ಕುಗಳಲ್ಲಿ ಮೂತ್ರಪಿಂಡ ಸೋತು ದೇಹ ಒಣಗುವುದು, ಕೀಲುನೋವಿನಿಂದ ಕುಕ್ಕರಿಸಲಾಗದಿರುವುದು, ಅತಿಯಾದ ಬೊಜ್ಜು, ನುಂಗಿದ ಕೂದಲು ಮತ್ತು ಮೂಳೆ ಇವೆಲ್ಲ ಕಾರಣವಾಗಬಲ್ಲವು. ಕೆಲವು ಬೆಕ್ಕುಗಳಲ್ಲಿ ಕಾರಣವೇ ಸಿಗುವುದಿಲ್ಲ.

ಅಲ್ಲಿ ಅರಿವಳಿಕೆ ಕೊಟ್ಟು, ಉಗುರುಬೆಚ್ಚಗಿನ ನೀರಿನಿಂದ ನಿಧಾನವಾಗಿ ಕರುಳನ್ನು ತೊಳೆದರು. ಮನೆಗೆ ಬರುವಾಗ ಕೈಯಲ್ಲಿ ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ಪು. ಇದು ಕರುಳು ಹೀರಿಕೊಳ್ಳಲಾರದ ಸಕ್ಕರೆ. ತಾನಿರುವಲ್ಲಿಗೆ ನೀರನ್ನು ಎಳೆದಿಟ್ಟುಕೊಂಡು ಮಲವನ್ನು ಮೆತ್ತಗಿಡುತ್ತದೆ. ಹರಳೆಣ್ಣೆ ಹಿಂಡಿದರೆ ಇದು ನೆನೆಸುತ್ತದೆ. ಎಷ್ಟು ಕೊಡಬೇಕೆಂಬುದನ್ನು ಬೆಕ್ಕಿನ ತೂಕ ಮತ್ತು ಮಲದ ಸ್ವರೂಪ ನೋಡಿ ವೈದ್ಯರೇ ಹೇಳಬೇಕು. ಕರುಳಿನ ಚಲನೆ ಹೆಚ್ಚಿಸುವ ಸಿಸಾಪ್ರೈಡ್ ಎಂಬ ಔಷಧಿಯೂ ಉಂಟು. ಮನುಷ್ಯರ ಹೃದಯದ ಬಡಿತವನ್ನು ಕೆಡಿಸುತ್ತದೆಂದು ಅದನ್ನು ಭಾರತದಲ್ಲಿ ಮನುಷ್ಯರ ಬಳಕೆಗೆ 2011ರಲ್ಲಿ ನಿಷೇಧಿಸಲಾಯಿತು. ಹೊರದೇಶಗಳಲ್ಲಿ ಬೆಕ್ಕುಗಳಿಗೆ ಅದನ್ನು ವಿಶೇಷವಾಗಿ ತಯಾರಿಸಿ ಕೊಡುವುದು ಇಂದಿಗೂ ಇದೆ. ಯಾವ ಮದ್ದಿಗೂ ಬಗ್ಗದ ಮೆಗಾಕೋಲನ್ನಿಗೆ ದೊಡ್ಡ ಕರುಳಿನ ಬಹುಭಾಗವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಕೊನೆಯ ಉಪಾಯ. ಅದಾದ ಮೇಲೂ ಬೆಕ್ಕುಗಳು ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತವೆ.

ಬಸ್ಸು, ಆಟೊ, ಎಕ್ಸ್‌ರೇ, ಔಷಧಿ ಎಲ್ಲ ಸೇರಿ ಖರ್ಚು ಎಷ್ಟಾಯಿತೆಂದು ಅಜ್ಜಿ ಕೇಳಿದರು. ಮಗ ಹೇಳಿದ ಮೊತ್ತ ಕೇಳಿ ಸುಮ್ಮನಾದರು. ಎರಡು ದಿನ ಆ ಮನೆಯಲ್ಲಿ ಆ ವಿಷಯವಾಗಿ ಮಾತಿರಲಿಲ್ಲ. ಬೆಕ್ಕಿಗೆ ಇಷ್ಟು ಸುರಿಯುವುದು ಸರಿಯೇ ಎಂಬ ಪ್ರಶ್ನೆ ಸಣ್ಣದೇನಲ್ಲ. ಬೆಳೆಗೆ ಗೊಬ್ಬರ ತರಬೇಕು, ಮಗಳ ಮುಂದಿನ ಓದಿಗೆ ಹಣ ಬೇಕು. ಮೂರನೆಯ ದಿನ ಅಜ್ಜಿಯೇ, "ಇನ್ನೊಂದು ಸಲ ಆ ಊರಿಗೆ ಓಡೋದು ತಪ್ಪಬೇಕಾದ್ರೆ ಏನ್ಮಾಡ್ಬೇಕಂತೆ, ಹೇಳು ಮಗಳೇ" ಎಂದು ಮೊಮ್ಮಗಳನ್ನು ಕೇಳಿದರು. ಖರ್ಚಿನ ಲೆಕ್ಕದಿಂದಲೇ ಹುಟ್ಟಿದ ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಸಿದ್ಧವಿತ್ತು.

ಒಣ ಕಾಳನ್ನು ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನೆನೆಸಿ ಗಂಜಿಯಂತೆ ಮಾಡಿ ಕೊಡುವುದು ಮೊದಲನೆಯದು. ಎರಡನೆಯದು ಸ್ವಲ್ಪ ಸೂಕ್ಷ್ಮದ ವಿಷಯ. ವೈದ್ಯರು ಬೇಯಿಸಿದ ಮೀನು ಕೊಟ್ಟರೆ ಒಳ್ಳೆಯದೆಂದಿದ್ದರು. ಅದು ಆ ಅಡುಗೆಮನೆಯಲ್ಲಿ ಆಗುವ ಮಾತಲ್ಲ. ಹಿಂದಿನ ಮನೆಯವರು ತಾವು ಮೀನು ತಂದ ದಿನ ಉಪ್ಪು ಖಾರ ಈರುಳ್ಳಿ ಏನೂ ಹಾಕದೆ ಎರಡು ತುಂಡು ಬೇಯಿಸಿ, ಮುಳ್ಳು ಬಿಡಿಸಿ, ಬೇಯಿಸಿದ ನೀರಿನ ಸಮೇತ ಬೇಲಿಯ ಬಳಿ ಇಡತೊಡಗಿದರು. ಅಜ್ಜಿ ಅದನ್ನು ನೋಡಿಯೂ ನೋಡದಂತಿದ್ದರು. ಈರುಳ್ಳಿ ಬೆಳ್ಳುಳ್ಳಿ ಬೇಡವೆಂದದ್ದು ಮಡಿಗಾಗಿ ಅಲ್ಲ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನೀರಿಗೆ ಮೂರು ಕಡೆ ಅಗಲ ಬಾಯಿಯ ತಟ್ಟೆ ಇಟ್ಟರು, ಊಟದ ತಟ್ಟೆಯಿಂದ ದೂರದಲ್ಲಿ. ಬಾಂಡ್ಲಿಯ ಮರಳನ್ನು ದಿನವೂ ಶುಚಿ ಮಾಡಿದರು. ಹೊಲಸಾದ ಜಾಗಕ್ಕೆ ಬೆಕ್ಕು ಹೋಗುವುದಿಲ್ಲ, ತಡೆದುಕೊಳ್ಳುತ್ತದೆ. ಸಂಜೆ ಹಗ್ಗದ ತುದಿಗೆ ಚಿಂದಿ ಕಟ್ಟಿ ಅದನ್ನು ಓಡಾಡಿಸುವುದು ತಮ್ಮನ ಪಾಲಿಗೆ ಬಂತು.

ನಾರಿನ ಮಾತೂ ಬಂತು. ಗುಜರಾತು ರಾಜಸ್ಥಾನಗಳಲ್ಲಿ ಬೆಳೆಯುವ ಇಸಬ್‌ಗೋಲ್ ಹೊಟ್ಟು ಅಂಗಡಿಗಳಲ್ಲಿ ಸಿಗುವಂಥದ್ದೇ. ಅದು ಬೆಕ್ಕಿಗೂ ಆಗುತ್ತದೆ. ಆದರೆ ನೀರಿನಲ್ಲಿ ಚೆನ್ನಾಗಿ ನೆನೆದು ಲೋಳೆಯಾದ ಮೇಲೆ, ವೈದ್ಯರು ಒಪ್ಪಿದರೆ ಮಾತ್ರ. ನೀರಿಲ್ಲದೆ ಕೊಟ್ಟ ನಾರು ತೂಬಿಗೆ ತುರುಕಿದ ಹುಲ್ಲಿನಂತೆ. ಕರುಳು ಆಗಲೇ ಹಿಗ್ಗಿದ ಬೆಕ್ಕಿಗೆ ಹೆಚ್ಚು ನಾರು ಹಾನಿಯೇ. ಬೇಯಿಸಿದ ಸಿಹಿಗುಂಬಳದ ತಿರುಳಿನಿಂದ ಅಪಾಯವಿಲ್ಲ, ಮಹಾ ಲಾಭವೂ ಇಲ್ಲ. ಹಾಲು ಹೆಚ್ಚು ಕುಡಿಸಿದರೆ ಭೇದಿಯಾಗಿ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆ. ಭೇದಿಯಾಗಬಹುದು, ಅದರ ಜೊತೆಗೆ ದೇಹದ ನೀರೂ ಹೋಗುತ್ತದೆ.

ಇನ್ನು ಮನುಷ್ಯರ ಔಷಧಿ ಡಬ್ಬದಿಂದ ಬೆಕ್ಕನ್ನು ದೂರವಿಡಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಫಾಸ್ಫೇಟ್ ಎನಿಮಾ ಬೆಕ್ಕಿನ ರಕ್ತದ ಕ್ಯಾಲ್ಸಿಯಂ ಇಳಿಸಿ ಗಂಟೆಗಳಲ್ಲಿ ಕೊಲ್ಲಬಲ್ಲದು. ನೋವಿಗೆಂದು ಕೊಟ್ಟ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆಯೂ ಅಷ್ಟೇ. ಅದನ್ನು ನಿರ್ವಿಷಗೊಳಿಸುವ ವ್ಯವಸ್ಥೆ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಲಿಕ್ವಿಡ್ ಪ್ಯಾರಾಫಿನ್ನಿಗೆ ರುಚಿಯಿಲ್ಲ, ಬಾಯಿಗೆ ಬಿಟ್ಟರೆ ನುಂಗುವ ಬದಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ, ಪರಚುತ್ತದೆ. ಹಾಗಾದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ನಾಯಿಗೆ ಮಾತ್ರ ಸೇರಿದ್ದಲ್ಲ. ಎರಡು ದಿನ ಮಲವಾಗದಿದ್ದರೆ, ಅಥವಾ ವಾಂತಿ, ಊಟ ಬಿಡುವುದು ಕಂಡರೆ ಮನೆಮದ್ದಿನ ಗಡುವು ಮುಗಿಯಿತೆಂದೇ ತಿಳಿಯಬೇಕು. ದಪ್ಪ ಬೆಕ್ಕು ಮೂರು ನಾಲ್ಕು ದಿನ ಉಪವಾಸ ಬಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುವ ಬೇರೆಯೇ ರೋಗ ಶುರುವಾಗುತ್ತದೆ.

ಕೆಂಚನಿಗೆ ಪೂರ್ತಿ ಗುಣವಾಗಿಲ್ಲ. ಸೊಟ್ಟ ಮೂಳೆ ಸೊಟ್ಟಗೇ ಇದೆ. ಮಳೆಗಾಲವೆಲ್ಲ ಚೆನ್ನಾಗಿ ಕಳೆಯಿತು. ದೀಪಾವಳಿಯ ಹೊತ್ತಿಗೆ ಒಮ್ಮೆ ಮೂರು ದಿನ ಕಟ್ಟಿ, ಸಿರಪ್ಪಿನ ಪ್ರಮಾಣ ಬದಲಿಸಬೇಕಾಯಿತು. ಸಲಗಳು ಹತ್ತಿರ ಹತ್ತಿರ ಬಂದರೆ ಶಸ್ತ್ರಚಿಕಿತ್ಸೆಯ ಮಾತಾಡೋಣ ಎಂದಿದ್ದಾರೆ ವೈದ್ಯರು. ಹುಡುಗಿ ಪರೀಕ್ಷೆ ಮುಗಿಸಿ ಈಗ ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದಾಳೆ. ಪುಸ್ತಕ ತಮ್ಮನ ಕೈಗೆ ಹೋಗಿದೆ. ಅವನ ಅಕ್ಷರ ಓದುವಂತಿಲ್ಲ, ಆದರೆ ದಿನ ತಪ್ಪಿಸುವುದಿಲ್ಲ. ಅವನಿಗೆ ಶಾಲೆಯಿರುವ ದಿನ ಬಾಂಡ್ಲಿ ನೋಡುವವರು ಅಜ್ಜಿ. ಸಂಜೆ ಫೋನು ಬಂದರೆ, ಮೊಮ್ಮಗಳು ಕೇಳುವ ಮೊದಲೇ, "ಆತು, ಇವತ್ತು ಆತು, ಮೆತ್ತಗೇ ಆಗೈತಿ" ಎಂದುಬಿಡುತ್ತಾರೆ.